ನಿಮಗಿದು ಗೊತ್ತೆ? ಮರೆತ ಡೊಮೈನ್ ಹರಾಜಿಗೆ
ಡಾಟ್ ಕಾಮ್ ಹೆಸರು ಯಾರ ಸ್ವಂತದ್ದೂ ಅಲ್ಲ. ಒಮ್ಮೆಗೆ ಹೆಚ್ಚೆಂದರೆ 10 ವರ್ಷದ ನೋಂದಣಿ ಅಷ್ಟೆ. ಅವಧಿ ಮುಗಿದ ಮೇಲೂ 45 ದಿನಗಳವರೆಗೆ ಅದು ರಿಜಿಸ್ಟ್ರಾರ್ (ಹೆಸರು ನೋಂದಾಯಿಸುವ ಕಂಪನಿ) ಕೈಯಲ್ಲಿರಬಹುದು. ಅಳಿಸಿದರೆ, ಹಳಬರು ಬಿಡಿಸಿಕೊಳ್ಳಲು 30 ದಿನ. ಮತ್ತೆ 5 ದಿನ ಕಳೆದರೆ ಹೆಸರು ಎಲ್ಲರಿಗೂ ಮುಕ್ತ. ಆದರೆ ಬೇಡಿಕೆಯ ಹೆಸರುಗಳು ಅಲ್ಲಿಯವರೆಗೆ ಉಳಿಯುವುದು ಕಡಿಮೆ. ಹಲವು ರಿಜಿಸ್ಟ್ರಾರ್‌ಗಳು ಮೊದಲ ಹಂತದಲ್ಲೇ ಅವನ್ನು ಹರಾಜು ಹಾಕುತ್ತವೆ.

ನವೀಕರಿಸದವರದೇ ತಪ್ಪು ಎನ್ನಬಹುದು. ಡೊಮೈನ್ ವ್ಯವಸ್ಥೆ ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಯ ನಿಯಮದಂತೆ ರಿಜಿಸ್ಟ್ರಾರ್‌ಗಳು ಅವಧಿ ಮುಗಿಯುವ ಸುಮಾರು ಒಂದು ತಿಂಗಳು ಮುಂಚೆ, ಒಂದು ವಾರ ಮುಂಚೆ, ಮುಗಿದ 5 ದಿನದೊಳಗೆ ಎಚ್ಚರಿಸಲೇಬೇಕು, ನಿಜ. ಆದರೆ ಕೈಬಿಟ್ಟ ಇಮೇಲ್ ವಿಳಾಸಕ್ಕೆ ಹೋದ ಎಚ್ಚರಿಕೆಯನ್ನು ಓದುವವರು ಯಾರು? ಹರಾಜಿನ ಹಣ ಎಚ್ಚರಿಸಬೇಕಾದವರಿಗೇ ಸೇರುವಾಗ ಈ ಕನಿಷ್ಠ ನಿಯಮ ಸಾಲದು. ಹೆಸರು ಕೈಬದಲಾದರೆ, ಮುಂದೆ ಆ ಹೆಸರಿನ ಇಮೇಲ್ ವಿಳಾಸಗಳಿಗೆ ಬರುವ ಪತ್ರಗಳೂ ಹೊಸಬರ ಪಾಲಾಗಬಲ್ಲವು.