ಪಿಡಿಎಫ್ ವಾರ್ಷಿಕ ವರದಿ: ಕನ್ನಡ ಅಕ್ಷರಗಳು ಕೆಡುವುದೇಕೆ?

ವಾರ್ಷಿಕ ಮಹಾಸಭೆಯ ಹೊತ್ತಿಗೆ ಕನ್ನಡದಲ್ಲಿ ವರದಿ ಹೊರತರುವ ಸಂಸ್ಥೆಗಳಲ್ಲಿ ಒಂದು ದೂರು ಪದೇ ಪದೇ ಕೇಳಿಬರುತ್ತದೆ. ಡಿ.ಟಿ.ಪಿ. ಕೇಂದ್ರದ ಪರದೆಯ ಮೇಲೆ ಅಚ್ಚುಕಟ್ಟಾಗಿದ್ದ ಅಢಾವೆ ಪತ್ರಿಕೆಯು, ಪಿಡಿಎಫ್ ಆಗಿ ಸದಸ್ಯರ ಗಣಕಯಂತ್ರ ತಲುಪುವಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲಾಗಿರುತ್ತದೆ. ಕಂಪನಿ ಕಾಯಿದೆ 2013ರ 136ನೆಯ ಕಲಮಿನಂತೆ ಹಣಕಾಸು ತಃಖ್ತೆಗಳು ಸಾಮಾನ್ಯವಾಗಿ ಸಭೆಗೆ ಕನಿಷ್ಠ 21 ದಿನ ಮೊದಲು ಸದಸ್ಯರಿಗೆ ರವಾನೆಯಾಗಬೇಕು. ಓದಲಾಗದ ಕಡತವನ್ನು ಸರಿಪಡಿಸಿ ಮತ್ತೆ ಕಳುಹಿಸುವಷ್ಟರಲ್ಲಿ ಈ ಗಡುವು ಮೀರಿಹೋಗಬಹುದು.

ಅಡೋಬಿ ಸಂಸ್ಥೆಯು 1993ರಲ್ಲಿ ಪರಿಚಯಿಸಿದ ಪಿಡಿಎಫ್, 2008ರಲ್ಲಿ ಐ.ಎಸ್.ಒ. 32000 ಎಂಬ ಅಂತರರಾಷ್ಟ್ರೀಯ ಮಾನಕವಾಯಿತು. ಪುಟದ ರೂಪ ಎಲ್ಲೆಡೆ ಒಂದೇ ಆಗಿರಬೇಕೆಂಬುದು ಇದರ ಉದ್ದೇಶ. ಆದರೆ ಬಳಸಿದ ಫಾಂಟು ಕಡತದೊಳಗೇ ಅಡಕವಾಗಿದ್ದರೆ ಮಾತ್ರ ಈ ಉದ್ದೇಶ ನಿಶ್ಚಿತವಾಗಿ ಈಡೇರುತ್ತದೆ. ಅಡಕವಾಗಿರದ ಫಾಂಟು ಓದುವವರ ಗಣಕದಲ್ಲಿಯೂ ಇಲ್ಲದಿದ್ದರೆ, ತಂತ್ರಾಂಶವು ಬೇರೊಂದು ಫಾಂಟನ್ನು ಬಳಸಿಕೊಳ್ಳುತ್ತದೆ. ಯೂನಿಕೋಡ್‌ಪೂರ್ವದ ನುಡಿ, ಬರಹ, ಶ್ರೀಲಿಪಿ ಫಾಂಟುಗಳು ಇಂಗ್ಲಿಷ್ ಮತ್ತಿತರ ರೋಮನ್ ಚಿಹ್ನೆಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಇರಿಸಿದ್ದವು. ಫಾಂಟು ಬದಲಾದೊಡನೆ ಮೂಲ ಚಿಹ್ನೆಗಳೇ ಹೊರಬೀಳುತ್ತವೆ.

ಮೊತ್ತಗಳ ಕಾಲಂನಲ್ಲಿಯೂ ಇದೇ ತೊಡಕಿದೆ. ಭಾರತ ಸರ್ಕಾರವು 2010ರಲ್ಲಿ ರೂಪಾಯಿ ಚಿಹ್ನೆಯನ್ನು ಅಂಗೀಕರಿಸಿದ ಹೊಸತರಲ್ಲಿ, ಕೆಲವು ಫಾಂಟುಗಳು ಅದನ್ನು ಕೀಲಿಮಣೆಯ ಬೇರೊಂದು ಚಿಹ್ನೆಯ ಜಾಗದಲ್ಲಿ ಕೂರಿಸಿದ್ದವು. ಹಳೆಯ ಮಾದರಿ ಪುಟಗಳನ್ನೇ ಪ್ರತಿವರ್ಷ ತಿದ್ದಿ ಬಳಸುವ ಕಚೇರಿಗಳಲ್ಲಿ, ಅಂಥ ಫಾಂಟು ಅಡಕವಾಗದಿದ್ದರೆ ರೂಪಾಯಿಯ ಬದಲು ಒಂದು ಗೀರು ಕಾಣಿಸಬಹುದು. ಅದೇ ವರ್ಷದ ಯೂನಿಕೋಡ್ 6.0 ಆವೃತ್ತಿಯಲ್ಲಿ ಈ ಚಿಹ್ನೆಗೆ ಸ್ವಂತ ಸ್ಥಾನ ದೊರೆತಿದ್ದು, ಅದನ್ನೇ ಬಳಸುವುದು ಕ್ಷೇಮ.

ಪರೀಕ್ಷೆ ಸುಲಭ. ಅಕ್ರೊಬ್ಯಾಟ್ ರೀಡರಿನಲ್ಲಿ ಕಡತದ ಪ್ರಾಪರ್ಟೀಸ್ ತೆರೆದು, ಫಾಂಟ್ಸ್ ವಿಭಾಗವನ್ನು ನೋಡಬೇಕು. ಪ್ರತಿಯೊಂದು ಹೆಸರಿನ ಮುಂದೆ ‘ಎಂಬೆಡೆಡ್’ ಅಥವಾ ‘ಎಂಬೆಡೆಡ್ ಸಬ್‌ಸೆಟ್’ ಎಂದಿರಬೇಕು. ಇಲ್ಲವಾದಲ್ಲಿ ಎಲ್ಲ ಫಾಂಟುಗಳನ್ನು ಅಡಕಗೊಳಿಸುವ ಆಯ್ಕೆಯೊಡನೆ ಕಡತವನ್ನು ಮತ್ತೆ ಪರಿವರ್ತಿಸಬೇಕು. ದೀರ್ಘಕಾಲ ಕಾಯ್ದಿಡುವ ದಾಖಲೆಗಳಿಗೆ 2005ರಲ್ಲಿ ರೂಪಿಸಲಾದ ಪಿಡಿಎಫ್/ಎ ಮಾನಕವು ಈ ಅಡಕವನ್ನು ಕಡ್ಡಾಯಗೊಳಿಸಿದೆ. ಕೆಲವು ಫಾಂಟುಗಳ ಪರವಾನಗಿಯೇ ಅಡಕಕ್ಕೆ ಅನುಮತಿ ನೀಡುವುದಿಲ್ಲ; ಅಂಥಲ್ಲಿ ಫಾಂಟನ್ನೇ ಬದಲಿಸುವುದು ಸೂಕ್ತ.

ಕಣ್ಣಿಗೆ ಕಾಣದ ದೋಷವೊಂದು ಇನ್ನೂ ಉಳಿಯುತ್ತದೆ. ಹಳೆಯ ಫಾಂಟು ಅಡಕವಾದಾಗ ಪುಟ ಸರಿಯಾಗಿ ಕಂಡರೂ, ಕಡತದಲ್ಲಿ ‘ಲಾಭಾಂಶ’ ಎಂದು ಹುಡುಕಿದರೆ ಸಾಮಾನ್ಯವಾಗಿ ಸಿಗದು. ಆ ಸಾಲನ್ನು ನಕಲಿಸಿದರೆ ಮತ್ತೆ ರೋಮನ್ ಚಿಹ್ನೆಗಳೇ ಬರುತ್ತವೆ. ಮುದ್ರಣಕ್ಕೆ ಇದು ಸಾಲುವುದಾದರೂ, ಮುಂದೆ ಪರಾಮರ್ಶಿಸಬೇಕಾದ ದಾಖಲೆಗೆ ಸಾಲದು. ಮೂಲವನ್ನು ಯೂನಿಕೋಡಿಗೆ ಪರಿವರ್ತಿಸುವುದೇ ಇದಕ್ಕೆ ಸರಿಯಾದ ದಾರಿ. ಪರಿವರ್ತನೆಯಲ್ಲಿ ಒತ್ತಕ್ಷರ, ಅರ್ಕಾವತ್ತುಗಳು ಪಲ್ಲಟವಾಗುವ ಸಂಭವವಿರುವುದರಿಂದ ಕರಡನ್ನು ಮತ್ತೊಮ್ಮೆ ತಿದ್ದಲೇಬೇಕು.

ಲೆಕ್ಕ ಬರೆದವರೇ ಅದರ ಪರಿಶೋಧನೆ ಮಾಡುವಂತಿಲ್ಲ. ಈ ನಿಯಮ ಇಲ್ಲಿಯೂ ಸಲ್ಲುತ್ತದೆ. ವರದಿ ತಯಾರಾದ ಗಣಕದಲ್ಲಿ ಆ ಫಾಂಟು ಇದ್ದೇ ಇರುವುದರಿಂದ ದೋಷ ಅಲ್ಲಿ ಹೊರಬೀಳದು. ಆದ್ದರಿಂದ ಆ ಫಾಂಟು ಇಲ್ಲದ ಮತ್ತೊಂದು ಗಣಕದಲ್ಲಿ ಪಿಡಿಎಫ್ ತೆರೆದು, ಸಹಿಯಾದ ಪ್ರತಿಯೊಡನೆ ಪುಟಪುಟವಾಗಿ ತಾಳೆ ನೋಡಿದ ಬಳಿಕವೇ ಅದನ್ನು ಸದಸ್ಯರಿಗೆ ರವಾನಿಸುವುದು ಲೇಸು.