ಹಳೆಯ ತೋಟೆಯ ಬುಡದಲ್ಲಿರುವ ಇಸವಿ

ತಿರುನೆಲ್ಲಿ: ತೋಲ್ಪೆಟ್ಟಿಯನ್ನು ದಾಟಿದೊಡನೆ ಕುಟ್ಟ, ಅದರಾಚೆ ಕೊಡಗು. ಸೈನ್ಯಕ್ಕೆ ಮಕ್ಕಳನ್ನು ಕಳುಹಿಸಿದ ಮನೆಗಳು ಈ ಗಡಿಯ ಎರಡೂ ಬದಿಗಳಲ್ಲಿವೆ. ಅಂತಹ ಮನೆಗಳ ಹಳೆಯ ಟ್ರಂಕುಗಳಲ್ಲಿ ಪದಕ, ಡಿಸ್ಚಾರ್ಜ್ ಪುಸ್ತಕಗಳ ಜೊತೆಗೆ ಪಿಸ್ತೂಲು ಅಥವಾ ರಿವಾಲ್ವರಿನ ತೋಟೆಯೊಂದು ಉಳಿದಿರುವುದುಂಟು. ಅದು ಎಲ್ಲಿಯದು, ಯಾವ ಕಾಲದ್ದು ಎಂದು ಮಕ್ಕಳು ಕೇಳಿದರೆ ಉತ್ತರ ಬಹುಮಟ್ಟಿಗೆ ಅದರ ಬುಡದಲ್ಲಿಯೇ ಇರುತ್ತದೆ.

ಮೊದಲಿಗೆ ಒಂದು ಎಚ್ಚರಿಕೆ. ತುದಿಯಲ್ಲಿ ಗುಂಡು ಇರುವ ತೋಟೆ ಎಷ್ಟೇ ಹಳೆಯದಾದರೂ ಅದನ್ನು ಜೀವಂತವೆಂದೇ ಎಣಿಸಬೇಕು. ಬುಡದ ನಡುವಣ ಕೇಪು ತಗ್ಗಿದ್ದು ಗುಂಡು ಹಾಗೆಯೇ ಉಳಿದಿದ್ದರೆ, ಅದು ಹಾರಿಸಲು ಯತ್ನಿಸಿದರೂ ಸಿಡಿಯದ ತೋಟೆ, ಇನ್ನಷ್ಟು ಅಪಾಯಕಾರಿ. ಅದನ್ನು ಉಜ್ಜುವುದು, ಇಕ್ಕಳದಿಂದ ಎಳೆಯುವುದು, ಶಾಲೆಗೆ ತರುವುದು ಸಲ್ಲದು. ಮುದ್ರೆ ಕಾಣುತ್ತಿದ್ದರೆ ಇದ್ದಲ್ಲಿಯೇ ದೂರದಿಂದ ಚಿತ್ರ ತೆಗೆದು, ಚಿತ್ರವನ್ನು ಹಿಗ್ಗಿಸಿ ಓದಿದರೆ ಸಾಕು.

ಆಕಾರವೇ ಮೊದಲ ಸುಳಿವು. ಬುಡದ ಅಂಚು ಹೊರಕ್ಕೆ ಚಾಚಿದ್ದರೆ ಸಾಮಾನ್ಯವಾಗಿ ಅದು ರಿವಾಲ್ವರಿನದು. ಅಂಚು ಚಾಚದೆ ಸುತ್ತಲೂ ಗಾಡಿ ಕೊರೆದಂತಿದ್ದರೆ, 9 ಮಿಲಿಮೀಟರಿನಂತಹ ಸ್ವಯಂಚಾಲಿತ ಪಿಸ್ತೂಲಿನದು. ಬ್ರಿಟಿಷ್ ಕಾಲದ ರಿವಾಲ್ವರುಗಳಲ್ಲಿ ದಪ್ಪನೆಯದು .455; ಅದಕ್ಕಿಂತ ಸಣ್ಣದು 1930ರ ದಶಕದಲ್ಲಿ ಬಳಕೆಗೆ ಬಂದ .380.

ಎರಡನೆಯದು ಬುಡದ ಅಕ್ಷರಗಳು. ‘ಕೆ’ ಮತ್ತು ‘ಎಫ್’ ಎರಡೂ ಇದ್ದರೆ ಅದು ಪುಣೆಯ ಬಳಿಯ ಕಿರ್ಕಿ, ಅಂದರೆ ಇಂದಿನ ಖಡ್ಕಿಯ ಕಾರ್ಖಾನೆಯದು. ಆ ಕಾರ್ಖಾನೆ 1869ರಲ್ಲಿ ಆರಂಭವಾಯಿತು. ‘ಕೆ’ ಒಂದೇ ಇದ್ದರೆ ಅದನ್ನು ಕಿರ್ಕಿಯೆಂದು ಭಾವಿಸಬಾರದು; ಅದು ಇಂಗ್ಲೆಂಡಿನ ಕೈನಾಕ್ ಕಂಪನಿಯ ಗುರುತು. ‘ಆರ್’ ‘ಎಲ್’ ಎಂಬುದು ವುಲ್ವಿಚ್‌ನ ರಾಯಲ್ ಲ್ಯಾಬೊರೇಟರಿ; ‘ಡಿಎಸಿ’ ಕೆನಡಾದ ಡೊಮಿನಿಯನ್ ಆರ್ಸೆನಲ್.

ಮೂರನೆಯದು ಅಂಕಿಗಳು. ‘43’ ಎಂದರೆ 1943. ರೋಮನ್ ಅಂಕಿ ಇಸವಿಯಲ್ಲ, ಮಾದರಿಯ ಕ್ರಮಸಂಖ್ಯೆ. ಇಸವಿಯಿಲ್ಲದ ಹಳೆಯ ತೋಟೆಗಳಿಗೆ ಈ ಸಂಖ್ಯೆಯೇ ಆಧಾರ. ಆದರೆ ಆ ಮಾದರಿ ಜಾರಿಗೆ ಬಂದ ವರ್ಷಕ್ಕಿಂತ ಹಿಂದಿನದಲ್ಲ ಎಂಬುದನ್ನಷ್ಟೇ ಅದು ತಿಳಿಸುತ್ತದೆ.

ಗುಂಡಿನ ರೂಪವೂ ಕಾಲವನ್ನು ಸೂಚಿಸುತ್ತದೆ. ದೇಹದೊಳಗೆ ಹಿಗ್ಗಿ ಹರಡುವ ಗುಂಡುಗಳಿಗೆ ಕಲ್ಕತ್ತೆಯ ಬಳಿಯ ದಮ್‌ದಮ್ ಎಂಬ ಊರಿನ ಹೆಸರೇ ಅಂಟಿಕೊಂಡಿತ್ತು. ಅವುಗಳನ್ನು 1899ರ ಹೇಗ್ ಘೋಷಣೆ ನಿಷೇಧಿಸಿತು. .380ರ ಮೊದಲನೆಯ ಮಾದರಿಯಲ್ಲಿ ಬರಿಯ ಸೀಸದ ಗುಂಡಿತ್ತು. ಅದು ಈ ನಿಷೇಧವನ್ನು ಮೀರೀತೆಂಬ ಶಂಕೆಯಿಂದ, ಎರಡನೆಯ ಮಹಾಯುದ್ಧಕ್ಕೆ ತುಸು ಮುನ್ನ ಲೋಹದ ಹೊದಿಕೆಯುಳ್ಳ ಎರಡನೆಯ ಮಾದರಿ ಬಂದಿತು. .455ಕ್ಕೆ ಅಂತಹ ಹೊದಿಕೆ ದೊರೆತದ್ದು 1939ರ ಆರನೆಯ ಮಾದರಿಯಲ್ಲಿ.

ಇಷ್ಟನ್ನು ಓದಿದ ಮೇಲೂ ನಾವು ಒಂದು ಮಿತಿಯನ್ನು ನೆನಪಿಡಬೇಕು. ಮುದ್ರೆಯಲ್ಲಿರುವುದು ತಯಾರಾದ ವರ್ಷ, ಬಳಕೆಯಾದ ವರ್ಷವಲ್ಲ. 1943ರ ತೋಟೆ ಇದ್ದ ಮಾತ್ರಕ್ಕೆ ಅಜ್ಜ ಬರ್ಮಾದಲ್ಲಿ ಹೋರಾಡಿದರೆಂದು ಸಿದ್ಧವಾಗದು. ಅದಕ್ಕೆ ಡಿಸ್ಚಾರ್ಜ್ ಪುಸ್ತಕವೇ ಸಾಕ್ಷಿ. ಆ ಪುಸ್ತಕವನ್ನೂ ಹಿರಿಯರ ಮಾತುಗಳನ್ನೂ ಮಕ್ಕಳು ಕನ್ನಡದಲ್ಲಿ ಬರೆದಿಡಲಿ.

ತೋಟೆಯನ್ನು ಮಾತ್ರ ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. 1959ರ ಶಸ್ತ್ರಾಸ್ತ್ರ ಕಾಯಿದೆಯಂತೆ ಮದ್ದುಗುಂಡು ಹೊಂದಲು ಪರವಾನಗಿ ಬೇಕು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ಉಳಿದವರಿಗೆ ಅನ್ವಯಿಸದು. ತಾವೇ ಹೊತ್ತೊಯ್ಯದೆ, ಪೊಲೀಸ್ ಠಾಣೆಗೆ ದೂರವಾಣಿಯಲ್ಲಿ ತಿಳಿಸಿ, ಅವರು ಬರುವವರೆಗೆ ಆ ಕೋಣೆಗೆ ಮಕ್ಕಳು ಹೋಗದಂತೆ ಪೋಷಕರು ನೋಡಿಕೊಳ್ಳಬೇಕು.