ಒಂದು ವಗ್, ಎರಡು…?

ಕಾರ್ಡಿನ ಮೇಲೆ ಹಕ್ಕಿಯನ್ನು ಹೋಲುವ ಒಂದು ದುಂಡು ಪ್ರಾಣಿ. ಇದರ ಹೆಸರು ವಗ್ ಎಂದು ಮಗುವಿಗೆ ಹೇಳುತ್ತಾರೆ. ಕೆಳಗೆ ಅಂಥವೇ ಎರಡು ಪ್ರಾಣಿಗಳ ಚಿತ್ರ. ಈಗ ಇನ್ನೊಂದು ಬಂತು, ಇಲ್ಲಿರುವುದು ಎರಡು… ಎಂದು ಮಾತನ್ನು ಅಲ್ಲಿಗೇ ನಿಲ್ಲಿಸಿ ಮಗುವಿನ ಮುಖ ನೋಡುತ್ತಾರೆ. ಮಗು ತಡವರಿಸದೆ ‘ವಗ್ಜ಼್’ ಅನ್ನುತ್ತದೆ. ವಗ್ ಎಂಬ ಪ್ರಾಣಿಯೂ ಇಲ್ಲ, ಪದವೂ ಇಲ್ಲ. ಅಮೆರಿಕದ ಹಾರ್ವರ್ಡ್‌ಗೆ ಸೇರಿಕೊಂಡಂತಿದ್ದ ರ‍್ಯಾಡ್‌ಕ್ಲಿಫ್ ಕಾಲೇಜಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದ ಜೀನ್ ಬರ್ಕೊ ಅದನ್ನು ಹುಟ್ಟಿಸಿ, ಚಿತ್ರವನ್ನೂ ತಾವೇ ಬರೆದಿದ್ದರು. 1958ರಲ್ಲಿ ‘ವರ್ಡ್’ ಎಂಬ ಪತ್ರಿಕೆಯಲ್ಲಿ ಅವರ ಪ್ರಬಂಧ ಅಚ್ಚಾಯಿತು.

ಪದವನ್ನು ಬಿಡಿಸಿ ನೋಡುವ ವಿದ್ಯೆ ಆಗ ಹೊಸದೇನಲ್ಲ. ಪಾಣಿನಿಯ ಕಾಲದಿಂದಲೂ ನಮ್ಮಲ್ಲಿ ಪ್ರಕೃತಿ, ಪ್ರತ್ಯಯ ಎಂದು ಬೇರ್ಪಡಿಸುವ ರೂಢಿಯಿದೆ. ಯುರೋಪಿನ ಪಂಡಿತರು ಸಂಸ್ಕೃತ ವ್ಯಾಕರಣ ಓದಿದ ಮೇಲೆ ಅಲ್ಲಿಯೂ ಈ ಕೆಲಸ ಚುರುಕಾಯಿತು. ಅರ್ಥವುಳ್ಳ ಅತಿ ಚಿಕ್ಕ ತುಂಡಿಗೆ ‘ಮಾರ್ಫೀಮ್’ ಎಂಬ ಹೆಸರು ಕೊಟ್ಟವರು ಪೋಲೆಂಡ್ ಮೂಲದ ಬೊದುಯೆನ್ ದ ಕುರ್ತನೆ, ಹತ್ತೊಂಬತ್ತನೇ ಶತಮಾನದ ಕೊನೆಯ ಭಾಗದಲ್ಲಿ. ‘ಅನ್‌ಹ್ಯಾಪಿನೆಸ್’ನಲ್ಲಿ ‘ಅನ್’, ‘ಹ್ಯಾಪಿ’, ‘ನೆಸ್’ ಎಂದು ಮೂರು ತುಂಡು ತೋರಿಸುವುದು 1950ರ ದಶಕದ ಭಾಷಾವಿಜ್ಞಾನಿಗೆ ನೀರು ಕುಡಿದಷ್ಟು ಸುಲಭ.

ಆದರೆ ಈ ತುಂಡುಗಳು ವೈಯಾಕರಣಿಯ ಪುಸ್ತಕದಲ್ಲಷ್ಟೇ ಇವೆಯೋ, ಮಾತಾಡುವವರ ತಲೆಯಲ್ಲೂ ಇವೆಯೋ? ಮಗು ‘ಡಾಗ್ಸ್’ ಎಂದರೆ ಏನೂ ತೀರ್ಮಾನವಾಗದು; ಅಮ್ಮ ಹೇಳಿದ್ದನ್ನು ಗಿಳಿಪಾಠ ಒಪ್ಪಿಸಿರಬಹುದು. ಮಗು ಹುಟ್ಟಿದಾಗಿನಿಂದ ಕಿವಿಗೆ ಬೀಳದ ಪದವನ್ನೇ ಕೊಟ್ಟು ಕೇಳಿದರೆ? ಬರ್ಕೊ ಹಿಡಿದ ಎಳೆ ಇಷ್ಟೇ. ಯಂತ್ರ ಬೇಡ, ಪ್ರಯೋಗಾಲಯ ಬೇಡ. 27 ಚಿತ್ರದ ಕಾರ್ಡು, ಒಂದಷ್ಟು ಸುಳ್ಳು ಪದ. ಅವನ್ನು ಹಿಡಿದು ನಾಲ್ಕರಿಂದ ಏಳು ವರ್ಷದ ಮಕ್ಕಳ ಬಳಿ ಹೋದರು.

ಇಂಗ್ಲಿಷಿನ ಬಹುವಚನ ಬರಹದಲ್ಲಿ ಕಾಣುವಷ್ಟು ಸರಳವಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಬರೆಯುವಾಗ ಒಂದು ಎಸ್ ಸಾಕು, ಬಾಯಲ್ಲಿ ಮೂರು ಬಗೆ: ‘ಕ್ಯಾಟ್’ ಆದಮೇಲೆ ‘ಸ್’, ‘ಡಾಗ್’ ಆದಮೇಲೆ ‘ಜ಼್’, ‘ಗ್ಲಾಸ್’ ಆದಮೇಲೆ ‘ಇಜ಼್’. ಯಾವುದು ಎಲ್ಲಿ ಎಂಬುದನ್ನು ಪದದ ಕೊನೆಯ ಸದ್ದು ತೀರ್ಮಾನಿಸುತ್ತದೆ. ಯಾವ ತಾಯಿಯೂ ಇದನ್ನು ಮಗುವಿಗೆ ಕೂರಿಸಿಕೊಂಡು ಹೇಳಿಕೊಡುವುದಿಲ್ಲ. ಹೆಚ್ಚಿನ ತಾಯಂದಿರು ಇದನ್ನು ಗಮನಿಸಿಯೂ ಇರುವುದಿಲ್ಲ. ಆದರೂ 100ಕ್ಕೆ 91 ಮಕ್ಕಳು ವಗ್‌ನ ಬಹುವಚನವನ್ನು ಸರಿಯಾಗಿ ಹೇಳಿದರು.

ನನ್ನ ಮಟ್ಟಿಗೆ ಈ ಪ್ರಬಂಧದ ನಿಜವಾದ ಬೆಲೆ ಇರುವುದು ಮಕ್ಕಳು ಎಡವಿದ ಕಡೆಯಲ್ಲಿ. ‘ಗ್ಲಾಸ್’ ಎಂಬ ನಿಜ ಪದ ಕೊಟ್ಟಾಗ ‘ಗ್ಲಾಸಿಜ಼್’ ಎಂದವರು ಶೇ. 91. ಅದೇ ಪ್ರಾಸದ ಸುಳ್ಳು ಪದ ‘ಟ್ಯಾಸ್’ ಕೊಟ್ಟಾಗ ‘ಟ್ಯಾಸಿಜ಼್’ ಎಂದವರು ಶೇ. 36 ಮಾತ್ರ. ಉಳಿದವರಲ್ಲಿ ಹೆಚ್ಚಿನವರು ಎರಡು ಟ್ಯಾಸ್ ಎಂದು ಸುಮ್ಮನಾದರು. ಅಂದರೆ ‘ಗ್ಲಾಸಿಜ಼್’ ಅವರಿಗೆ ಬಂದದ್ದು ಬಾಯಿಪಾಠದಿಂದ. ‘ಇಜ಼್’ ಹಚ್ಚುವ ನಿಯಮ ಇನ್ನೂ ಕೈವಶವಾಗಿರಲಿಲ್ಲ. ಕೊನೆಯಲ್ಲಿ ‘ಸ್’ ಕೇಳಿಸಿದರೆ ಆ ಪದ ಆಗಲೇ ಬಹುವಚನ ಎಂಬುದು ಅವರ ಲೆಕ್ಕವಾಗಿತ್ತು ಎಂದು ಬರ್ಕೊ ವಿವರಿಸಿದರು. ಬಾಯಿಪಾಠ ಎಲ್ಲಿಯವರೆಗೆ, ನಿಯಮ ಎಲ್ಲಿಂದ ಎಂಬ ಗೆರೆ ಇಷ್ಟು ಸ್ಪಷ್ಟವಾಗಿ ಕಂಡದ್ದು ಆ ಸುಳ್ಳು ಪದದಿಂದಲೇ.

ಭೂತಕಾಲದಲ್ಲಿ ಇನ್ನೊಂದು ತಮಾಷೆ. ‘ಗ್ಲಿಂಗ್’ ಎಂಬ ಕಟ್ಟುಪದಕ್ಕೆ ಮುಕ್ಕಾಲು ಪಾಲು ಮಕ್ಕಳು ‘ಗ್ಲಿಂಗ್ಡ್’ ಎಂದು ನಿಯಮ ಪಾಲಿಸಿದರು. ಅದೇ ಪ್ರಶ್ನೆ ಎದುರಿಸಿದ ಪದವೀಧರ ವಯಸ್ಕರೇ ದಾರಿ ತಪ್ಪಿದವರು: ‘ಸಿಂಗ್-ಸ್ಯಾಂಗ್’, ‘ರಿಂಗ್-ರ‍್ಯಾಂಗ್’ ನೆನಪಾಗಿ ಅವರಲ್ಲಿ ಬಹಳ ಮಂದಿ ‘ಗ್ಲ್ಯಾಂಗ್’ ಎಂದರು. ಮಕ್ಕಳಾದರೋ ನಿಜವಾದ ‘ರಿಂಗ್’ಗೇ ‘ರಿಂಗ್ಡ್’ ಎನ್ನುವಷ್ಟು ನಿಯಮನಿಷ್ಠರು; ‘ರ‍್ಯಾಂಗ್’ ಎಂದವರು ಶೇ. 17 ಅಷ್ಟೆ.

ಒಂದು ಪದದಿಂದ ಇನ್ನೊಂದನ್ನು ಹುಟ್ಟಿಸುವ ಪ್ರತ್ಯಯಗಳು ಮಾತ್ರ ಮಕ್ಕಳಿಗೆ ಇನ್ನೂ ದೂರ. ‘ಜ಼ಿಬ್’ ಮಾಡುವುದೇ ಕಸುಬಾದವನನ್ನು ಏನೆನ್ನಬೇಕು ಎಂದಾಗ ವಯಸ್ಕರು ‘ಜ಼ಿಬರ್’ ಎಂದರು, ‘ಟೀಚರ್’ ಇದ್ದ ಹಾಗೆ. ಮಕ್ಕಳಲ್ಲಿ ಹಾಗೆಂದವರು ಶೇ. 11. ಕೆಲವರು ‘ಜ಼ಿಬ್‌ಮ್ಯಾನ್’, ‘ಜ಼ಿಬಿಂಗ್‌ಮ್ಯಾನ್’ ಎಂದು ಎರಡು ಪದ ಜೋಡಿಸಿದರು. ಸಮಾಸ ಮೊದಲು, ಪ್ರತ್ಯಯದಿಂದ ಹುಟ್ಟುವ ಪದ ಆಮೇಲೆ. ಇದ್ದ ಪದಗಳನ್ನು ಬಿಡಿಸುವಾಗಲೂ ಮಕ್ಕಳದೇ ದಾರಿ: ‘ಫ್ರೈಡೇ’ಗೆ ಆ ಹೆಸರು ಯಾಕೆ ಎಂದರೆ, ಅವತ್ತು ಮೀನು ಫ್ರೈ ಮಾಡಿ ತಿನ್ನುತ್ತೇವಲ್ಲ ಎಂದಿತು ಒಂದು ಮಗು.

ಮಾತು ಕಲಿಯುವುದು ಅನುಕರಣೆಯಿಂದ, ಪ್ರೋತ್ಸಾಹದಿಂದ ಎಂಬ ವಾದ ಜೋರಾಗಿದ್ದ ಕಾಲ ಅದು. ಅದನ್ನೇ ಹೇಳುವ ಮನೋವಿಜ್ಞಾನಿ ಸ್ಕಿನ್ನರ್ ಅವರ ದೊಡ್ಡ ಪುಸ್ತಕ ಬಂದದ್ದು 1957ರಲ್ಲಿ. ಕೇಳದ ಪದಕ್ಕೂ ಮಗು ಪ್ರತ್ಯಯ ಹಚ್ಚುತ್ತದೆ ಎಂದಾದ ಮೇಲೆ ಆ ವಾದ ಸಡಿಲವಾಯಿತು. ಜಗಳ ಮುಗಿಯಲಿಲ್ಲ ಅನ್ನಿ. 1986ರಲ್ಲಿ ಮನೋವಿಜ್ಞಾನಿಗಳಾದ ರೂಮೆಲ್‌ಹಾರ್ಟ್ ಮತ್ತು ಮೆಕ್ಲೆಲಂಡ್ ಯಾವ ನಿಯಮವನ್ನೂ ತುಂಬದ ಕಂಪ್ಯೂಟರ್ ಜಾಲವೊಂದಕ್ಕೆ ಉದಾಹರಣೆಗಳಿಂದಲೇ ಇಂಗ್ಲಿಷ್ ಭೂತಕಾಲ ಕಲಿಸಿ, ತಲೆಯೊಳಗೆ ನಿಯಮ ಇರಲೇಬೇಕೆ ಎಂದು ಕೇಳಿದರು. ನಿಯಮದ ಪರ ನಿಂತ ಪಿಂಕರ್ ಮತ್ತು ಪ್ರಿನ್ಸ್ 1988ರಲ್ಲಿ ಅದಕ್ಕೆ ಖಾರವಾಗಿಯೇ ಉತ್ತರ ಕೊಟ್ಟರು.

ಮನೆಯಲ್ಲಿ ನಾಲ್ಕೈದು ವರ್ಷದ ಮಗುವಿದ್ದರೆ ನೀವೂ ನೋಡಬಹುದು. ಕನ್ನಡದಲ್ಲಿ ಬಹುವಚನ ಕೇಳಬೇಡಿ. ‘ಎರಡು ಹಣ್ಣು’ ಎಂದರೂ ನಡೆಯುವ ಭಾಷೆ ನಮ್ಮದು, ಏನೂ ಗೊತ್ತಾಗುವುದಿಲ್ಲ. ಮೂರು ವಿಚಿತ್ರ ಡಬ್ಬಿಗಳ ಚಿತ್ರ ಬರೆದು ಪಿಡಕ, ಪಿಡಕೆ, ಪಿಡಕು ಎಂದು ಹೆಸರಿಡಿ. ಪ್ರತಿಯೊಂದರೊಳಗೂ ಒಂದು ಬೆಕ್ಕು ಕೂರಿಸಿ, ‘ಬೆಕ್ಕು ಎಲ್ಲಿದೆ?’ ಎಂದು ಕೇಳಿ. ‘ಪಿಡಕದಲ್ಲಿ’, ‘ಪಿಡಕೇಲಿ’, ‘ಪಿಡಕಿನಲ್ಲಿ’ ಎಂದು ಮೂರಕ್ಕೂ ಬೇರೆ ಬೇರೆ ಉತ್ತರ ಬರುತ್ತದೆಯೋ ನೋಡಿ. ಆತುರಕ್ಕೆ ಉತ್ತರವನ್ನು ನೀವೇ ಹೇಳಿಬಿಡಬೇಡಿ, ಅಷ್ಟೆ.